ತಮ್ಮನ ಲೆಕ್ಕದ ಪುಸ್ತಕ

ತಮ್ಮ ಚೆನ್ನೈಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಪಟ್ಟಿಗಳಿದ್ದವು. ಒಂದು ಸೇನಾ ತರಬೇತಿ ಅಕಾಡೆಮಿಯವರು ಕಳಿಸಿದ್ದು. ಇಷ್ಟು ಬಿಳಿ ಅಂಗಿ, ಇಷ್ಟು ಕಾಲುಚೀಲ, ಕಪ್ಪು ಷೂ, ಸೂಟು, ಟೈ, ಟವೆಲು, ಬೀಗ. ಎಲ್ಲವನ್ನೂ ತುಂಬಲು ಉಡುಪಿಯ ಪೇಟೆಯಿಂದ ತಂದ ಕಬ್ಬಿಣದ ಟ್ರಂಕು ಜಗಲಿಯಲ್ಲಿ ಕುಳಿತಿತ್ತು. ಬೋರ್ಡು ಬರೆಯುವವರನ್ನು ಕರೆಸಿ ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿದ್ದೆವು. ಬಣ್ಣ ಇನ್ನೂ ಒಣಗಿರಲಿಲ್ಲ.

ಎರಡನೆಯ ಪಟ್ಟಿ ನನ್ನದು. ಶಿಕ್ಷಣ ಸಾಲದ ಕಂತು, ತಿಂಗಳಿಗೆ 7,850, ಐದನೇ ತಾರೀಕು. ಎಲ್‌ಐಸಿ ಕಂತು, ಮೂರು ತಿಂಗಳಿಗೊಮ್ಮೆ. ಮ್ಯೂಚುವಲ್ ಫಂಡಿಗೆ 2,000, ಹತ್ತನೇ ತಾರೀಕು. ಕ್ರೆಡಿಟ್ ಕಾರ್ಡಿನ ಬಾಕಿ, ಅವನು ಹೇಳಿದ ಪ್ರಕಾರ "ಸ್ವಲ್ಪ". ಮೊಬೈಲ್ ರೀಚಾರ್ಜ್. ಮೊದಲ ಪಟ್ಟಿಯಲ್ಲಿ ಏನಾದರೂ ತಪ್ಪಿದರೆ ಅಲ್ಲಿ ತರಬೇತಿ ಕೊಡುವ ಉಸ್ತಾದರು ನೋಡಿಕೊಳ್ಳುತ್ತಾರೆ, ಮತ್ತೆ ತಪ್ಪದ ಹಾಗೆ ನೋಡಿಕೊಳ್ಳುತ್ತಾರೆ. ಎರಡನೆಯದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಆ ರಾತ್ರಿಯವರೆಗೆ ಅವನ ತಲೆಗೆ ಬಂದಿರಲೇ ಇಲ್ಲ. ಇಪ್ಪತ್ತನಾಲ್ಕರ ಹುಡುಗ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಸೇನೆಗೆ ಹೊರಟಿದ್ದ. ಹೊರಟ ಕ್ಷಣದಲ್ಲೇ ಹಿಂದಿನ ಬದುಕು ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಬದುಕು ಬೀಳಬಹುದು, ಕಂತು ಬೀಳುವುದಿಲ್ಲ.

ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಅಪ್ಪ ಮೂವತ್ತು ವರ್ಷ ಸಿಂಡಿಕೇಟ್ ಬ್ಯಾಂಕಿಗೆ ಪಿಗ್ಮಿ ಎತ್ತಿದವರು. ಕರಾವಳಿಯ ಹೊರಗಿನವರಿಗೆ ಒಂದು ಮಾತು: 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ತೆಗೆದುಕೊಂಡು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಅಪ್ಪನ ಕಾಲಕ್ಕೆ ಎರಡಾಣೆ ಹೋಗಿ ಐದು, ಹತ್ತು ರೂಪಾಯಿ ಆಗಿತ್ತು. ಸಂಜೆ ಸೈಕಲ್ ಒರಗಿಸಿ ಕೈಕಾಲು ತೊಳೆಯುತ್ತಾ ಅವರು ಅಮ್ಮನಿಗೆ ಊರಿನ ಸುದ್ದಿ ಹೇಳುತ್ತಿದ್ದರು. ಅದು ಹರಟೆಯಲ್ಲ, ಲೆಕ್ಕದಿಂದ ಬಂದ ಸುದ್ದಿ. ಮೀನಿನ ಹೆಂಗಸು ಮೂರು ದಿನ ಕಟ್ಟಿಲ್ಲ, ಗಂಡ ಮತ್ತೆ ಕುಡಿಯಲು ಶುರುಮಾಡಿರಬೇಕು. ದರ್ಜಿ ಐದರ ಬದಲು ಇಪ್ಪತ್ತು ಕಟ್ಟಿದ, ಮಗಳಿಗೆ ಗಂಡು ನಿಶ್ಚಯವಾಗಿದೆ. ಅವರ ಊಹೆ ತಪ್ಪಿದ್ದು ನನಗೆ ನೆನಪಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನು ಕ್ರೆಡಿಟ್ ಕಾರ್ಡಿನ ಬಾಕಿ "ಸ್ವಲ್ಪ" ಎಂದು ಹೇಳಿದ್ದು ಹೇಗೆ ಎನ್ನುವುದು ಬೇರೆಯೇ ಸಂಶೋಧನೆಯ ವಿಷಯ.

ಅವನು ಸೇರಿದ್ದು ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿರುವ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ. 1963ರಲ್ಲಿ ಶುರುವಾದಾಗ ಅದರ ಹೆಸರು ಆಫೀಸರ್ಸ್ ಟ್ರೈನಿಂಗ್ ಸ್ಕೂಲ್. ಶಾರ್ಟ್ ಸರ್ವೀಸ್ ಕಮಿಷನ್‌ಗೆ, ಎಂದರೆ ಸೀಮಿತ ಅವಧಿಗೆ ಸೇನಾಧಿಕಾರಿಯಾಗಿ ನೇಮಕಗೊಳ್ಳಲು, ಬರುವವರಿಗೆ ಅಲ್ಲಿ 49 ವಾರಗಳ ತರಬೇತಿ. ಆಮೇಲೆ ಹತ್ತು ವರ್ಷ ನೌಕರಿ, ಬೇಕಾದರೆ ಇನ್ನು ನಾಲ್ಕು ವರ್ಷ ವಿಸ್ತರಣೆ. ಕ್ಯಾಡೆಟ್ ಎಂದರೆ ಅಧಿಕಾರಿಯಲ್ಲ, ಸಿಪಾಯಿಯೂ ಅಲ್ಲ, ನಡುವಿನ ತ್ರಿಶಂಕು. ಆದ್ದರಿಂದಲೇ ಅವನಿಗೆ ಸಿಗುವುದನ್ನು ಸಂಬಳ ಎನ್ನುವುದಿಲ್ಲ, ಸ್ಟೈಪೆಂಡ್ ಎನ್ನುತ್ತಾರೆ. ತಿಂಗಳಿಗೆ 56,100 ರೂಪಾಯಿ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಲೆಫ್ಟಿನೆಂಟ್ ಒಬ್ಬನ ಮೂಲವೇತನ ಶುರುವಾಗುವ ಮೊದಲ ಮನೆಯ ಅಂಕಿ ಅದು. ಅದಕ್ಕಿಂತ ಮೊದಲು ಇದು 21,000 ಇತ್ತು. ಪ್ಲಸ್ ಟೂ ಮುಗಿಸಿ ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಸೇರುವ ಹುಡುಗರಿಗಾದರೆ ಅಲ್ಲಿನ ಮೂರು ವರ್ಷ ಸ್ಟೈಪೆಂಡ್ ಇಲ್ಲ, ಕೈಖರ್ಚು ಮನೆಯವರೇ ಕಳಿಸಬೇಕು. ಆದರೆ ಅವರು ಬರುವಾಗ ಹೆಗಲ ಮೇಲೆ ಸಾಲವೂ ಇರುವುದಿಲ್ಲ. ಪದವಿ ಮುಗಿಸಿ, ಒಂದೆರಡು ವರ್ಷ ದುಡಿದು, ಕಾರ್ಡು ಕಂತು ಎಲ್ಲ ಅಂಟಿಸಿಕೊಂಡು ಬರುವವರ ಕಥೆಯೇ ಬೇರೆ.

56,100 ಎಂದ ಕೂಡಲೇ ನಮ್ಮ ದೊಡ್ಡಮ್ಮ "ಊಟ ವಸತಿ ಅವರದೇ ಅಲ್ಲವೇ, ಎಲ್ಲ ಉಳಿತಾಯವೇ" ಎಂದರು. ಕೇಳಲು ಸರಿಯಾಗಿಯೇ ಇದೆ. ಆದರೆ ಹಣ ಬರುವ ಮೊದಲೇ ಹೋಗಲು ಶುರುವಾಗಿರುತ್ತದೆ. ಟ್ರಂಕಿನೊಳಗಿನ ಸಾಮಾನು, ಸೂಟಿನ ಹೊಲಿಗೆ, ಸೇರುವಾಗ ಕಟ್ಟುವ ಠೇವಣಿ, ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್‌ನ ಟಿಕೆಟು, ಎಲ್ಲವೂ ಮನೆಯಿಂದ. ಅಲ್ಲಿಗೆ ಹೋದ ಮೇಲೆ ಹೊಸ ಖಾತೆ ತೆರೆಯಬೇಕು, ನಾಮಿನಿ ಬರೆಯಬೇಕು, ಕಾಗದಪತ್ರ ಸಾಗಬೇಕು. ಸ್ಟೈಪೆಂಡ್ ಬಂದ ಮೇಲೂ ಗುಂಪು ವಿಮೆಯ ಕಂತು ಹೋಗುತ್ತದೆ, ಮೆಸ್ಸು, ದರ್ಜಿ, ಧೋಬಿ, ಕ್ಷೌರ, ಮೋಚಿ ಎಂದು ಒಂದೊಂದೇ ಹೋಗುತ್ತದೆ. ಕ್ಷೌರದ ಲೆಕ್ಕ ನೋಡಿ ಅಮ್ಮ ಬೆರಗಾದರು. ವಾರ ವಾರ ಕತ್ತರಿಸಲು ಅವನ ತಲೆಯಲ್ಲಿ ಇನ್ನೇನು ಉಳಿದಿದೆ ಎಂದು ಅವರ ಪ್ರಶ್ನೆ.

ಹಣಕ್ಕಿಂತ ದೊಡ್ಡ ತೊಡಕು ಫೋನಿನದು. ಮೊದಲ ತಿಂಗಳುಗಳಲ್ಲಿ ಫೋನು ಅವನ ಕೈಯಲ್ಲಿರುತ್ತಿರಲಿಲ್ಲ. ಭಾನುವಾರ ಸಿಕ್ಕರೆ ಸಿಕ್ಕಿತು, ಅದೂ ಹತ್ತು ನಿಮಿಷ. ಈಗಿನ ಕಾಲದಲ್ಲಿ ಮನುಷ್ಯನ ಕೈಯಿಂದ ಫೋನು ತೆಗೆದುಕೊಂಡರೆ ಅವನ ಬೀರುವಿನ ಕೀಲಿಕೈ ತೆಗೆದುಕೊಂಡ ಹಾಗೆ. ಬ್ಯಾಂಕಿನ ಒಟಿಪಿ ಅಲ್ಲಿಗೇ, ಭವಿಷ್ಯನಿಧಿಯದು ಅಲ್ಲಿಗೇ, ಆದಾಯ ತೆರಿಗೆಯದೂ ಅಲ್ಲಿಗೇ. ಸಾಲದ್ದಕ್ಕೆ, ಅವನು ಹೊರಟ 2021ರ ಅಕ್ಟೋಬರ್ ತಿಂಗಳಲ್ಲೇ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಿತ್ತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲು ತಿಳಿಸಬೇಕು, 5,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಕೇಳಬೇಕು. (ಮರುವರ್ಷ ಜೂನ್‌ನಲ್ಲಿ ಆ ಮಿತಿಯನ್ನು 15,000ಕ್ಕೆ ಏರಿಸಿದರು.) ಗ್ರಾಹಕರ ರಕ್ಷಣೆಗೆ ಒಳ್ಳೆಯ ನಿಯಮವೇ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೈಫಲ್ ಹೊತ್ತು ಓಡುತ್ತಿರುವವನಿಗೆ "ನಿಮ್ಮ ಒಪ್ಪಿಗೆ ಬೇಕಾಗಿದೆ" ಎಂಬ ಸಂದೇಶ ಬಂದರೆ ಅದನ್ನು ಓದುವವರು ಯಾರು?

ಆ ರಾತ್ರಿ ಅವನು ಒಂದು ಚೀಟಿಯಲ್ಲಿ ಪಿನ್ನು, ಪಾಸ್‌ವರ್ಡು ಎಲ್ಲ ಬರೆದು "ಅಕ್ಕ, ನೀನೇ ನೋಡಿಕೊ" ಎಂದು ಕೊಟ್ಟ. ನಾನು ಹರಿದು ಹಾಕಿದೆ. ಕಟುವಾಯಿತು, ಗೊತ್ತು. ಆದರೆ ಸಂಘದ ಕೌಂಟರಿನಲ್ಲಿ ಕುಳಿತು "ಪಿನ್ನು ಯಾರಿಗೂ ಹೇಳಬೇಡಿ" ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವವಳು ನಾನು. ನನ್ನ ಹೆಸರಿಲ್ಲದ ಖಾತೆಯನ್ನು ನಾನು ನಡೆಸುವುದು ತಪ್ಪು, ತಮ್ಮನದಾದರೂ ತಪ್ಪು. ಸುದೈವಕ್ಕೆ ರೈಲು ಮರುದಿನ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಬ್ಯಾಂಕ್ ತೆರೆಯುವ ಹೊತ್ತಿಗೆ ಮೂವರೂ ಬಾಗಿಲಲ್ಲಿದ್ದೆವು. ಅವನ ಹಳೆಯ ಉಳಿತಾಯ ಖಾತೆಗೆ ನನ್ನ ಹೆಸರು ಸೇರಿಸಿ ಜಂಟಿ ಖಾತೆ ಮಾಡಿಸಿದೆವು, ನನ್ನ ಮೊಬೈಲ್ ಸಂಖ್ಯೆಯನ್ನೇ ನೋಂದಾಯಿಸಿದೆವು. ಸಾಲ, ವಿಮೆ, ಕಾರ್ಡು ಎಲ್ಲ ಅದರಿಂದಲೇ ಹೋಗಬೇಕು. ಅಕಾಡೆಮಿಯ ಹೊಸ ಖಾತೆಗೆ ಸ್ಟೈಪೆಂಡ್ ಬಂದ ಮೇಲೆ ಅಲ್ಲಿಂದ ತಿಂಗಳಿಗೊಮ್ಮೆ ಇಲ್ಲಿಗೆ ಹಣ ವರ್ಗವಾಗುವಂತೆ ಅವನು ಬರೆದುಕೊಡಬೇಕು. ಇಷ್ಟೇ ವ್ಯವಸ್ಥೆ.

ಅರ್ಜಿಯಲ್ಲಿ ಖಾತೆ ನಡೆಸುವ ಬಗೆ ಎಂಬಲ್ಲಿ "ಇಬ್ಬರಲ್ಲಿ ಒಬ್ಬರು ಅಥವಾ ಬದುಕಿರುವವರು" ಎಂಬುದಕ್ಕೆ ಗುರುತು ಹಾಕಬೇಕು. ಬ್ಯಾಂಕಿನಲ್ಲಿ ದಿನವೂ ಬಳಸುವ ಸವಕಲು ಮಾತು ಅದು. ನಾನೇ ಸಾವಿರ ಸಲ ಬರೆದಿದ್ದೇನೆ. ಮನೆಗೆ ಬಂದು ಅಮ್ಮ ಅದರ ಪ್ರತಿಯನ್ನು ಅಕ್ಷರ ಕೂಡಿಸಿ ಓದಿದರು. ಏನೂ ಹೇಳಲಿಲ್ಲ. ಕಾಗದವನ್ನು ಮಡಚಿ ದೇವರ ಕೋಣೆಯಲ್ಲಿ ಇಟ್ಟುಬಂದರು.

ಇಷ್ಟೆಲ್ಲ ಜಾಣತನ ಮಾಡಿದವಳು ಜನವರಿಯಲ್ಲಿ ಮುಗ್ಗರಿಸಿದೆ. ಮೊದಲ ಎರಡು ತಿಂಗಳಿಗೆ ಬೇಕಾದಷ್ಟು ಹಣ ಖಾತೆಯಲ್ಲಿತ್ತು. ಆರು ತಿಂಗಳದ್ದು ಇಡಿಸು ಎಂದು ಅಪ್ಪ ಹೇಳಿದ್ದರು. ಅಷ್ಟು ಬೇಡ ಎಂದವಳು ನಾನು. ಸ್ಟೈಪೆಂಡ್ ಬಂದಿದೆ ಎಂದು ತಮ್ಮ ಹೇಳಿದ, ವರ್ಗಾವಣೆಗೆ ಬರೆದುಕೊಟ್ಟಿದ್ದೇನೆ ಎಂದೂ ಹೇಳಿದ. ಐದನೇ ತಾರೀಕು ಕಂತಿಗೆ ಹಣ ಸಾಲದೆ ಬೌನ್ಸ್ ಆಯಿತು. ದಂಡ ಜಿಎಸ್‌ಟಿ ಸೇರಿ 590. ಹುಡುಕಿದರೆ ತಪ್ಪು ನನ್ನದೇ. ಐಎಫ್‌ಎಸ್‌ಸಿ ಕೋಡಿಗಾಗಿ ಅವನಿಗೆ ಚೆಕ್ಕಿನ ಹಾಳೆಯೊಂದರ ಪ್ರತಿ ಕಳಿಸಿದ್ದೆ. ಅಪ್ಪ ಜೋಪಾನವಾಗಿ ಇಟ್ಟಿದ್ದ ಹಳೆಯ ಸಿಂಡಿಕೇಟ್ ಚೆಕ್ ಪುಸ್ತಕದ ಹಾಳೆ ಅದು. 2020ರ ಏಪ್ರಿಲ್ 1ರಂದೇ ಬ್ಯಾಂಕು ಕೆನರಾದಲ್ಲಿ ವಿಲೀನವಾಗಿತ್ತು, 2021ರ ಜುಲೈಯಿಂದ ಹಳೆಯ ಕೋಡು ನಡೆಯುತ್ತಿರಲಿಲ್ಲ. ಸಂಘದಲ್ಲಿ ಎಷ್ಟೋ ಸದಸ್ಯರ ಅರ್ಜಿಯಲ್ಲಿ ಅದನ್ನು ತಿದ್ದಿದ್ದ ಕೈ ಮನೆಯದಕ್ಕೆ ಬಂದಾಗ ಹಳೆಯದನ್ನೇ ಕಳಿಸಿತ್ತು. ಹಣ ಚೆನ್ನೈಗೇ ಮರಳಿ ಹೋಗಿ ಕುಳಿತಿತ್ತು.

ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿಯೂ ಜಂಟಿ ಸಾಲಗಾರರು. ಕಂತು ತಪ್ಪಿದರೆ ಅವರ ಹೆಸರಿಗೂ ಮಸಿ. ಬ್ಯಾಂಕಿನಿಂದ ಫೋನು ಬಂದದ್ದು ಅಪ್ಪನಿಗೇ. ಮೂವತ್ತು ವರ್ಷ ಊರಿನವರ ಹಣ ಒಂದು ಪೈಸೆ ಆಚೀಚೆ ಆಗದಂತೆ ಕಟ್ಟಿದವರು "ನಿಮ್ಮ ಕಂತು ಬಂದಿಲ್ಲ" ಎಂಬ ಮಾತು ಕೇಳಿದರು. ಅಂಗಿ ಹಾಕಿಕೊಂಡು, ಬಿಸಿಲಿನಲ್ಲಿ ನಡೆದೇ ಹೋಗಿ, ತಮ್ಮ ಖಾತೆಯಿಂದ ತುಂಬಿ ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಆ ಚೆಕ್ ಪುಸ್ತಕವನ್ನು ಮಾತ್ರ ಈಗಲೂ ಎಸೆದಿಲ್ಲ.

ಅಂದಿನಿಂದ ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟೆ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಕಾರ್ಡಿನ "ಸ್ವಲ್ಪ" 41,000 ಎಂದು ತಿಳಿದದ್ದು ಆಗ. ತಿಂಗಳಿಗೆ ಶೇಕಡಾ 3ಕ್ಕಿಂತ ಹೆಚ್ಚು ಬಡ್ಡಿ ತಿನ್ನುವ ಅದನ್ನು ಮೊದಲು ತೀರಿಸಿ ಕಾರ್ಡು ಮುಚ್ಚಿಸಿದೆವು. ಮ್ಯೂಚುವಲ್ ಫಂಡನ್ನು ನಾಲ್ಕು ತಿಂಗಳು ನಿಲ್ಲಿಸಿದೆವು. ಎಲ್‌ಐಸಿಗೆ ಮೂರು ತಿಂಗಳ ಕಂತಾದರೆ 30 ದಿನಗಳ ವಿನಾಯಿತಿ ಇರುವುದರಿಂದ ಉಸಿರಾಡಲು ಜಾಗವಿತ್ತು. ಬೆಂಗಳೂರಿನ ಕೆಲಸದ ಭವಿಷ್ಯನಿಧಿಯನ್ನು ಮುಟ್ಟಲಿಲ್ಲ. ಐದು ವರ್ಷ ತುಂಬದೆ ತೆಗೆದರೆ ತೆರಿಗೆ ಬೀಳುತ್ತದೆ, ಹೇಗೂ ಒಟಿಪಿ ಅವನ ಫೋನಿಗೇ ಹೋಗುತ್ತಿತ್ತು. ಒಮ್ಮೊಮ್ಮೆ ಅಡಚಣೆಯೂ ಉಪಕಾರ ಮಾಡುತ್ತದೆ.

ಇದೆಲ್ಲ ಕೂಡಿಸಿ ಕಳೆದ ಮೇಲೂ ಒಂದು ಸಾಲು ಉಳಿಯಿತು. ಪ್ರತಿ ತಿಂಗಳು ಒಂದನೇ ತಾರೀಕು 5,500 ರೂಪಾಯಿ ಬೆಂಗಳೂರಿನ ಯಾರದೋ ಖಾತೆಗೆ ತಾನಾಗಿ ಹೋಗುತ್ತಿತ್ತು. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ, ಅವನು ಹೇಳಿರಲೂ ಇಲ್ಲ. ನನ್ನ ತಲೆಯಲ್ಲಿ ಓಡಿದ್ದು ಎಲ್ಲ ಕೆಟ್ಟದ್ದೇ. ಸಾಲದ ಆ್ಯಪು, ಆನ್‌ಲೈನ್ ಜೂಜು, ಯಾರಿಗೋ ಜಾಮೀನು. ಅಪ್ಪನಿಗೆ ತೋರಿಸಲಿಲ್ಲ. ಭಾನುವಾರಕ್ಕೆ ಕಾದೆ.

ಭಾನುವಾರದ ಆ ಹತ್ತು ನಿಮಿಷ ಹೇಗಿರುತ್ತಿತ್ತು ಎಂದರೆ, ಮೊದಲ ಮೂರು ಅಮ್ಮನಿಗೆ: ತಿಂದೆಯಾ, ಕಾಲಿನ ಗುಳ್ಳೆ ವಾಸಿಯಾಯಿತೇ. ಒಂದು ಅಪ್ಪನಿಗೆ, ಅದರಲ್ಲಿ ಅರ್ಧ ಮೌನ. ಉಳಿದದ್ದು ನನಗೆ. ಆ ಕಡೆಯಲ್ಲಿ ಬೇರೆ ಹುಡುಗರ ದನಿ ಕೇಳುತ್ತಿತ್ತು. ಹಿಂದಿಯಲ್ಲಿ, ಮಲಯಾಳದಲ್ಲಿ, ನನಗೆ ತಿಳಿಯದ ಇನ್ಯಾವುದೋ ಭಾಷೆಯಲ್ಲಿ, ಎಲ್ಲರೂ ತಮ್ಮ ತಮ್ಮ ಅಕ್ಕಂದಿರಿಗೆ ಕಂತಿನ ಲೆಕ್ಕ ಹೇಳುತ್ತಿದ್ದಂತೆ ನನಗೆ ಭಾಸವಾಗುತ್ತಿತ್ತು.

"ಒಂದನೇ ತಾರೀಕು 5,500 ಯಾರಿಗೆ ಹೋಗುತ್ತಿದೆ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ರೂಮಿನ ಬಾಡಿಗೆ, ಅಕ್ಕ."

"ಯಾವ ರೂಮು? ಬಿಟ್ಟು ಬಂದೆನೆಂದು ಹೇಳಿದ್ದೆಯಲ್ಲ."

"ನನ್ನ ಪಾಲಿನದು ಇಟ್ಟುಕೊಂಡಿದ್ದೇನೆ. ಮಾರ್ಚ್ ತನಕ ಇರಲಿ. ಅಪ್ಪನಿಗೆ ಹೇಳಬೇಡ."

ಬೆಂಗಳೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಹಂಚಿಕೊಂಡಿದ್ದ ಕೋಣೆಯಲ್ಲಿ ಅವನ ಮಂಚ, ಅವನ ಪುಸ್ತಕ, ಕಚೇರಿಗೆ ಹಾಕುತ್ತಿದ್ದ ಅಂಗಿಗಳು ಎಲ್ಲವೂ ಇದ್ದ ಹಾಗೆಯೇ ಇದ್ದವು. ತನಗೆ ಆಗದಿದ್ದರೆ ಎಲ್ಲಿಗೆ ಹೋಗುವುದು ಎಂದು ಅವನು ಮೊದಲೇ ಯೋಚಿಸಿದ್ದ. ಟ್ರಂಕಿನ ಮೇಲೆ ಹೆಸರು ಬರೆಸಿ, ಊರವರಿಗೆಲ್ಲ ಹೇಳಿ, ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಕಳಿಸಿದ ಮನೆಗೆ ಸೋತು ಬರುವುದಕ್ಕಿಂತ ಆ ಕೋಣೆ ಅವನಿಗೆ ಸುಲಭ ಎನಿಸಿತ್ತು. ಅದು ನನಗೆ ನೋವು ಮಾಡಿತು. ಆದರೆ ನಾವೇ ಅಲ್ಲವೇ ಬೋರ್ಡು ಬರೆಯುವವರನ್ನು ಕರೆಸಿದ್ದು.

ಅವನ ಭಯ ಸುಮ್ಮನೆಯೂ ಅಲ್ಲ. ಓಟದಲ್ಲಿ, ಹಗ್ಗ ಹತ್ತುವುದರಲ್ಲಿ, ಪಾಠದಲ್ಲಿ, ಎಲ್ಲಿ ಹಿಂದೆ ಬಿದ್ದರೂ ರೆಲಿಗೇಷನ್ ಎಂಬುದಿದೆ. ಎಂದರೆ ನಿನ್ನ ಜೊತೆಯವರು ಮುಂದೆ ಹೋಗುತ್ತಾರೆ, ನೀನು ಅದೇ ಅವಧಿಯನ್ನು ಮತ್ತೆ ಮಾಡುತ್ತೀಯ. ತಾನಾಗಿ ಬಿಟ್ಟು ಬಂದರೆ ತರಬೇತಿಯ ವೆಚ್ಚವನ್ನು ವಾರದ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಸೇರುವಾಗಲೇ ಆ ಬಾಂಡಿಗೆ ಸಹಿ ಆಗಿರುತ್ತದೆ, ಅಪ್ಪನ ಸಹಿಯೂ ಇರುತ್ತದೆ. ಇನ್ನು ಬಿದ್ದು ಬೆನ್ನು ಮುರಿದುಕೊಂಡು ವೈದ್ಯಕೀಯ ಕಾರಣಕ್ಕೆ ಹೊರಗೆ ಬಂದವರ ಪಾಡು ಎಲ್ಲಕ್ಕಿಂತ ಕಷ್ಟ. ಆಗಿನ್ನೂ ಕಮಿಷನ್ ಸಿಕ್ಕಿಲ್ಲವಾದ್ದರಿಂದ ಕಾನೂನಿನ ಕಣ್ಣಿಗೆ ಅವರು ಮಾಜಿ ಸೈನಿಕರಲ್ಲ. ಸಿಗುವುದು ಅಧಿಕಾರಿಯ ಅಂಗವೈಕಲ್ಯ ಪಿಂಚಣಿಯಲ್ಲ, ಪರಿಹಾರದ ರೂಪದ ಒಂದು ಮೊತ್ತ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡ ಸುದ್ದಿ ಓದುವಾಗ ನನಗೆ ಆ 5,500 ನೆನಪಾಯಿತು. ಅದೇ ತಿಂಗಳ ಕೊನೆಗೆ ಅಂಥ ಕ್ಯಾಡೆಟ್‌ಗಳಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆ ಸಿಗುವಂತಾಯಿತು.

ನಾನು ಅಪ್ಪನಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಆ ಸಾಲಿನ ಎದುರು "ಇತರೆ" ಎಂದು ಬರೆದೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಬರೆದ ಒಂದೇ ಸುಳ್ಳು ಲೆಕ್ಕ ಅದು.

ನಡುವಿನ ರಜೆಗೆ ಮನೆಗೆ ಬಂದಾಗ ಕುತ್ತಿಗೆ ಕಪ್ಪಾಗಿ, ಕೆನ್ನೆ ಒಳಗೆ ಹೋಗಿ, ಗಟ್ಟಿಯಾಗಿದ್ದ. ಎರಡು ದಿನ ನಿದ್ದೆ ಮಾಡಿದ. ಮೂರನೆಯ ದಿನ ಕುಚ್ಚಲಕ್ಕಿ ಗಂಜಿ ಉಂಡು ನನ್ನ ಪಕ್ಕ ಬಂದು ಕುಳಿತು ಪುಸ್ತಕ ಕೇಳಿದ. ಬೆರಳಿಟ್ಟು ಒಂದೊಂದೇ ಪುಟ ನೋಡಿದ. "ಇತರೆ" ಬಂದಲ್ಲೆಲ್ಲ ನಿಂತ. ಆಮೇಲೆ ಫೋನು ತೆಗೆದು ಬೆಂಗಳೂರಿನ ಗೆಳೆಯನಿಗೆ ಕರೆಮಾಡಿ, ಮಂಚ ಯಾರಿಗಾದರೂ ಕೊಟ್ಟುಬಿಡು, ಪುಸ್ತಕ ಮಾತ್ರ ಕಟ್ಟಿಡು ಎಂದ. ಅಂಗಿಗಳ ಬಗ್ಗೆ ಗೆಳೆಯ ಕೇಳಿರಬೇಕು, "ಅವು ಈಗ ನನಗೆ ಆಗುವುದಿಲ್ಲ" ಎಂದು ನಕ್ಕ. ನನ್ನ ಮುಂದೆಯೇ ಆ ವರ್ಗಾವಣೆಯನ್ನು ರದ್ದು ಮಾಡಿಸಿದ.

ಕೊನೆಯ ತಿಂಗಳುಗಳಲ್ಲಿ ಬೇರೆ ಬಗೆಯ ಪರೀಕ್ಷೆ ಬಂತು. ಕಮಿಷನ್ ಹತ್ತಿರವಾಗುತ್ತಿದ್ದಂತೆ ಬ್ಯಾಂಕುಗಳು ಕ್ಯಾಡೆಟ್‌ಗಳಿಗೆ ಸಾಲ ಕೊಡಲು ಮುಂದಾಗುತ್ತವೆ. ಇದಕ್ಕೆ ಪಿಸಿಟಿಎಲ್ (ಕಮಿಷನ್‌ಗೆ ಮುಂಚಿನ ತರಬೇತಿ ಸಾಲ) ಎಂಬ ಹೆಸರೇ ಇದೆ. ಆಧಾರ ಬೇಡ, ಜಾಮೀನು ಬೇಡ, ಬಡ್ಡಿಯೂ ಬೇರೆ ವೈಯಕ್ತಿಕ ಸಾಲಗಳಿಗಿಂತ ಕಡಿಮೆ. ಸೇನೆಯ ಸಂಬಳ ಎಂಬ ಭರವಸೆಯೇ ಸಾಕು. ಇನ್ನೂ ಹೆಗಲ ಮೇಲೆ ನಕ್ಷತ್ರ ಏರದ ಹುಡುಗ ಲಕ್ಷಗಟ್ಟಲೆ ಸಾಲಕ್ಕೆ ಸಹಿ ಮಾಡುತ್ತಾನೆ. ಕೆಲವರು ಅದರಿಂದ ಮನೆಯ ಹಳೆಯ ಸಾಲ ತೀರಿಸುತ್ತಾರೆ, ಅದು ಬುದ್ಧಿವಂತಿಕೆಯೇ. ಕೆಲವರು ಬುಲೆಟ್ ಬೈಕು, ಕಾರು ಎನ್ನುತ್ತಾರೆ. ಷೇರಿಗೆ ಹಾಕುವವರೂ ಇದ್ದಾರೆ. ತಮ್ಮನಿಗೂ ಆಸೆಯಾಗಿತ್ತು. "ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ ಅಕ್ಕ" ಎಂದ. ನಾನು ವಾದಿಸಲಿಲ್ಲ. ಬಡ್ಡಿಯ ದರ ಎಷ್ಟು, ಶಿಕ್ಷಣ ಸಾಲದ್ದು ಎಷ್ಟು, ಎರಡನ್ನೂ ಬರೆದುಕೊಂಡು ಮುಂದಿನ ಭಾನುವಾರ ನೀನೇ ಹೇಳು ಎಂದೆ. ಸಾಲ ತೆಗೆದ, ಶಿಕ್ಷಣ ಸಾಲದಲ್ಲಿ ಉಳಿದದ್ದನ್ನು ಅದರಿಂದ ತೀರಿಸಿದ, ಅಲ್ಲಿಗೆ ನಿಲ್ಲಿಸಿದ. ಅಪ್ಪನ ಹೆಸರು ಸಾಲದ ಕಾಗದದಿಂದ ಇಳಿಯಿತು. ಬೈಕು ಬರಲಿಲ್ಲ. ಆ ವಿಷಯದಲ್ಲಿ ಅವನಿಗೆ ಇಂದಿಗೂ ಸ್ವಲ್ಪ ಮುನಿಸಿದೆ.

ಪಾಸಿಂಗ್ ಔಟ್ ಪರೇಡಿಗೆ ನಾವು ಮೂವರೂ ಹೋಗಿದ್ದೆವು. ಪರಮೇಶ್ವರನ್ ಡ್ರಿಲ್ ಸ್ಕ್ವೇರ್, 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಹೆಸರಿನ ಮೈದಾನ. ಅವರೂ ಇಲ್ಲಿಯೇ ತರಬೇತಿ ಪಡೆದವರು. ಅಪ್ಪ ಅಮ್ಮ ಮಗನ ಹೆಗಲಿಗೆ ನಕ್ಷತ್ರ ಚುಚ್ಚಿದರು. ಅಪ್ಪನ ಕೈ ನಡುಗಿ ಅದು ಓರೆಯಾಯಿತು, ಪಕ್ಕದ ಹುಡುಗನ ತಾಯಿ ಸರಿಮಾಡಿದರು.

ಅದಾದ ಮೇಲೆ ಸ್ಟೈಪೆಂಡ್ ಹೋಗಿ ಸಂಬಳವಾಯಿತು. ಮೂಲವೇತನ ಅದೇ 56,100, ಅದರ ಮೇಲೆ 15,500 ಸೇನಾ ಸೇವಾ ವೇತನ, ತುಟ್ಟಿಭತ್ಯೆ. ತರಬೇತಿಯ ಅವಧಿಗೆ ಸಲ್ಲುವ ಭತ್ಯೆಗಳ ಹಿಂಬಾಕಿಯೂ ಕಮಿಷನ್ ಆದ ಮೇಲೆಯೇ ಕೈಗೆ ಬರುತ್ತದೆ. ಸೇವೆಯ ಲೆಕ್ಕಕ್ಕೆ ಮಾತ್ರ ಆ 49 ವಾರಗಳು ಸೇರುವುದಿಲ್ಲ. ಸೇನಾಧಿಕಾರಿಗಳ ವೇತನದ ಲೆಕ್ಕವನ್ನೆಲ್ಲ ಪುಣೆಯ ಒಂದು ಕಚೇರಿ ಇಡುತ್ತದೆ, ತಿಂಗಳು ತಿಂಗಳು ವಿವರದ ಹಾಳೆ ಬರುತ್ತದೆ. ಭವಿಷ್ಯನಿಧಿಗೆ ಕನಿಷ್ಠ ಶೇಕಡಾ 6 ಕಡ್ಡಾಯ. ಅವನು ಎಷ್ಟು ಹಾಕುತ್ತಾನೆಂದು ನಾನು ಕೇಳಿಲ್ಲ. ನೋಟ್‌ಬುಕ್ಕನ್ನು ಅವನಿಗೆ ಕೊಟ್ಟುಬಿಟ್ಟೆ. ಎಪ್ಪತ್ತು ಪುಟ ಖಾಲಿ ಇತ್ತು.

ಜಂಟಿ ಖಾತೆಯನ್ನು ಮಾತ್ರ ಮುಚ್ಚಿಲ್ಲ. ಸಣ್ಣಪುಟ್ಟ ಖರ್ಚಿಗೆ ಆ ಹಳೆಯ ಕಾರ್ಡನ್ನೇ ಅವನು ಬಳಸುತ್ತಾನೆ, ಮೊಬೈಲ್ ಸಂಖ್ಯೆ ಬದಲಿಸಬೇಕೆಂದು ಪ್ರತಿ ಸಲ ಊರಿಗೆ ಬಂದಾಗ ಹೇಳುತ್ತಾನೆ, ಮರೆಯುತ್ತಾನೆ. ಹಾಗಾಗಿ ಅವನು ಎಲ್ಲಿ ಏನು ಕೊಂಡರೂ ನನ್ನ ಫೋನು ಸದ್ದು ಮಾಡುತ್ತದೆ. ಊರಿನ ಹೆಸರು ಬರುವುದಿಲ್ಲ, ಅಂಗಡಿಯ ಹೆಸರೂ ಅರ್ಧ ಮಾತ್ರ. 180 ರೂಪಾಯಿ. 64 ರೂಪಾಯಿ. ಒಮ್ಮೆ ಒಂದೇ ಅಂಗಡಿಯಲ್ಲಿ 2,300. ಚಳಿಯ ಬಟ್ಟೆ ಇರಬೇಕು ಎಂದು ಅಪ್ಪ ಅಂದರು. ನಂತರದ ಕರೆಯಲ್ಲಿ ಕೇಳಿದರೆ ಹೌದು.

ಒಂದೊಂದು ಸಲ ಹದಿನೈದು ಇಪ್ಪತ್ತು ದಿನ ಏನೂ ಬರುವುದಿಲ್ಲ. ಅಂಗಡಿಯೇ ಇಲ್ಲದ ಜಾಗದಲ್ಲಿ ಇರುತ್ತಾನೆ. ಆಗ ಸಂಜೆ ನಾನು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಅಪ್ಪ ಜಗಲಿಯಿಂದ ಕೇಳುತ್ತಾರೆ:

"ಇವತ್ತು ಕಟ್ಟಿದನೇ?"